ಕಾಪುವಿನ ದೀಪಸ್ತಂಭ ಮತ್ತು ರಂಪಣಿ

ಉಡುಪಿಯ ದಕ್ಷಿಣಕ್ಕೆ, ಅರಬ್ಬೀ ಸಮುದ್ರದ ಅಂಚಿನಲ್ಲಿರುವ ಕಾಪು ಮೀನುಗಾರರ ಹಳೆಯ ನೆಲೆ. ಅಲ್ಲಿಯ ಕಡಲಬಂಡೆಯ ಮೇಲಿರುವ ದೀಪಸ್ತಂಭವು 1901ರಲ್ಲಿ, ಈ ಪ್ರದೇಶವು ಮದರಾಸು ಪ್ರಾಂತಕ್ಕೆ ಸೇರಿದ್ದಾಗ, ನಿರ್ಮಿತವಾದುದು. ಬಂಡೆಗಳ ಅಪಾಯವನ್ನು ಸೂಚಿಸುವುದಲ್ಲದೆ, ತಾನಿರುವ ತೀರ ಯಾವುದೆಂಬುದನ್ನೂ ಅದು ನಾವಿಕನಿಗೆ ತಿಳಿಸುತ್ತದೆ. ಏಕೆಂದರೆ ಪ್ರತಿಯೊಂದು ದೀಪಸ್ತಂಭಕ್ಕೂ ಮಿನುಗುವ ಕಾಲಕ್ರಮವು ಗೊತ್ತುಪಡಿಸಲ್ಪಟ್ಟಿರುತ್ತದೆ. ಆ ಅಂತರವನ್ನು ಎಣಿಸಿ ನಾವಿಕನು ಸ್ಥಳವನ್ನು ನಿರ್ಣಯಿಸಬಲ್ಲನು.

ಮೆಟ್ಟಿಲೇರಿದ ಪ್ರವಾಸಿಗೆ ತೆಂಗಿನ ತೋಪು, ಮರಳದಂಡೆ, ದೋಣಿಗಳು ಕಾಣುತ್ತವೆ. ಆದರೆ ಈ ತೀರದ ಬಾಳಿಗೆ ಒಂದು ಕಾಲದಲ್ಲಿ ಆಧಾರವಾಗಿದ್ದ ದೊಡ್ಡ ರಂಪಣಿಯು ಕಾಣುವುದಿಲ್ಲ. ಈ ಮಹಾಬಲೆಯನ್ನು ದೋಣಿಯಿಂದ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ಹತ್ತಾರು ಜನರು ದಡಕ್ಕೆಳೆಯುತ್ತಿದ್ದರು. ದೊರೆತ ಬಂಗುಡೆ, ಬೂತಾಯಿಗಳ ಆದಾಯವು ಪಾಲುಗಾರರಲ್ಲಿ ಹಂಚಿಕೆಯಾಗುತ್ತಿತ್ತು. 1970ರ ದಶಕದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಯು ಬಂದಿತು. ಮೀನಿನ ಹಿಂಡುಗಳು ದಡವನ್ನು ಸಮೀಪಿಸುವ ಮೊದಲೇ ಕಡಲಿನಲ್ಲಿ ಹಿಡಿಯಲ್ಪಟ್ಟು, ಕರಾವಳಿಯುದ್ದಕ್ಕೂ ರಂಪಣಿ ಕೂಟಗಳು ಕ್ಷೀಣಿಸಿದವು.

ದೀಪಸ್ತಂಭದ ಚರಿತ್ರೆಯನ್ನು ಕಲ್ಲು ಉಳಿಸಿಕೊಂಡಿದೆ. ರಂಪಣಿಯ ಚರಿತ್ರೆಗಾದರೋ ಅದನ್ನೆಳೆದ ಹಿರಿಯರ ನೆನಪೇ ಮುಖ್ಯ ಆಧಾರ. ಕಾಪುವನ್ನು ರಮ್ಯಸ್ಥಳವೆಂದು ಬಣ್ಣಿಸುವವರು ಅದನ್ನೂ ಕೇಳಿ ಬರೆದಿಡತಕ್ಕದ್ದು.