ನಿಮಗಿದು ಗೊತ್ತೇ? ಕಾರಿನ ಮೈಗೆ ವ್ಯಾಕ್ಸೋ, ಸೀಲೆಂಟೋ?

ಕಾರು ಫಳಫಳ ಹೊಳೆಯುವುದು ಬಣ್ಣದಿಂದಲ್ಲ, ಬಣ್ಣದ ಮೇಲೆ ಬಳಿದಿರುವ ಪಾರದರ್ಶಕ ಪದರದಿಂದ. ಅದೇ ಕ್ಲಿಯರ್ ಕೋಟ್. ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನ ಎಳೆಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕ ಇರುವುದೂ ಇದರಲ್ಲೇ. ಒಮ್ಮೆ ಸವೆದರೆ ಸವೆದಂತೆಯೇ. ವ್ಯಾಕ್ಸಾಗಲಿ ಸೀಲೆಂಟಾಗಲಿ, ಹಚ್ಚುವುದು ಇದೊಂದನ್ನು ಉಳಿಸಿಕೊಳ್ಳಲು.

ಪಾಲಿಶ್ ಮಾಡಿಸಿದಷ್ಟೂ ಕಾರಿಗೆ ಒಳ್ಳೆಯದೆಂದು ನಂಬಿದವರು ಬಹಳ. ಪಾಲಿಶ್‌ನಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಗೀರಿನ ಆಳಕ್ಕೆ ಸವೆಸಿದಾಗಲೇ ಗೀರು ಮಾಯವಾಗುವುದು. ವ್ಯಾಕ್ಸ್ ಏನನ್ನೂ ಸವೆಸದೆ ಮೇಲೊಂದು ಪದರ ಕೂಡಿಸುತ್ತದೆ. ಪ್ರತಿ ಸರ್ವಿಸ್‌ನಲ್ಲೂ ರಬ್ಬಿಂಗ್ ಪಾಲಿಶ್ ಮಾಡಿಸುವವರು ದಯವಿಟ್ಟು ಈ ವ್ಯತ್ಯಾಸ ಗಮನಿಸಿ.

ಕಾರಿನ ಮೇಣಗಳಲ್ಲಿ ಹೆಸರುವಾಸಿಯಾದ ಕಾರ್ನೌಬಾ ಬರುವುದು ಈಶಾನ್ಯ ಬ್ರೆಜಿಲ್‌ನ ಸೆಯಾರಾ, ಪಿಯಾವಿ ರಾಜ್ಯಗಳ ಕಡೆ ಬೆಳೆಯುವ ತಾಳೆ ಜಾತಿಯ ಮರದಿಂದ. ಒಣ ಹವೆಯಲ್ಲಿ ನೀರು ಆರಿಹೋಗದಂತೆ ಮರ ತನ್ನ ಎಲೆಯ ಮೇಲೆ ಮೇಣ ಕಟ್ಟಿಕೊಳ್ಳುತ್ತದೆ. ಎಲೆ ಕಡಿದು, ಒಣಗಿಸಿ ಬಡಿದರೆ ಅದು ಪುಡಿಯಾಗಿ ಉದುರುತ್ತದೆ. ಅಮೆರಿಕದ ಮೇಣದ ಕಂಪನಿ ಎಸ್‌.ಸಿ. ಜಾನ್ಸನ್‌ನ ಮುಖ್ಯಸ್ಥ ಎಚ್‌.ಎಫ್‌. ಜಾನ್ಸನ್ ಜೂನಿಯರ್ 1935ರಲ್ಲಿ ಈ ಮರವನ್ನು ಹುಡುಕಿಕೊಂಡೇ, ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನದಲ್ಲಿ ಬ್ರೆಜಿಲ್‌ಗೆ ಹಾರಿದ್ದರು. ಇದೇ ಮೇಣ ಇ903 ಎಂಬ ಸಂಖ್ಯೆ ಹೊತ್ತು ಮಿಠಾಯಿಗೂ ಮೆರುಗು ಕೊಡುತ್ತದೆ.

ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಕಾರ್ನೌಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಏಪ್ರಿಲ್‌ನಲ್ಲಿ ರಾಯಚೂರಿನ ಮಟಮಟ ಮಧ್ಯಾಹ್ನ ಕಪ್ಪು ಕಾರಿನ ಬಾನೆಟ್ ಮುಟ್ಟಿ ನೋಡಿದವರಿಗೆ ಈ 20 ಡಿಗ್ರಿಯ ಬೆಲೆ ತಿಳಿಯುತ್ತದೆ. ಆದರೆ ಡಬ್ಬಿಯ ಮೇಲಿನ ‘100% ಕಾರ್ನೌಬಾ’ಕ್ಕೆ ಮರುಳಾಗಬೇಡಿ. ಶುದ್ಧ ಕಾರ್ನೌಬಾ ಕೈಯಲ್ಲಿ ಹಚ್ಚಲು ಬಾರದಷ್ಟು ಗಟ್ಟಿ. ದ್ರಾವಕ, ಎಣ್ಣೆ, ಬೇರೆ ಮೇಣ ಬೆರೆಸಿದ ಮೇಲೇ ಅದು ಹಚ್ಚುವ ಹದಕ್ಕೆ ಬರುತ್ತದೆ.

ಸೀಲೆಂಟ್ ಎಂದರೆ ಪ್ರಯೋಗಾಲಯದಲ್ಲಿ ಹುಟ್ಟಿದ ಪಾಲಿಮರ್. ವ್ಯಾಕ್ಸ್ ಕೆಲವು ವಾರದಿಂದ ಎರಡು ಮೂರು ತಿಂಗಳು ಬಾಳಿದರೆ, ಒಳ್ಳೆಯ ಸೀಲೆಂಟ್ ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ಮನೆ ಮುಂದಿನ ರಸ್ತೆಯಲ್ಲೇ ಬಿಸಿಲು ಮಳೆಗೆ ಕಾರು ನಿಲ್ಲಿಸುವವರಿಗೆ ನನ್ನ ಸಲಹೆ ಸೀಲೆಂಟೇ. ನೆರಳಿನ ಪಾರ್ಕಿಂಗ್, ಕಡುಗೆಂಪೋ ಕಪ್ಪೋ ಬಣ್ಣದ ಕಾರು, ಕೈತುಂಬ ಬಿಡುವು ಇರುವವರು ವ್ಯಾಕ್ಸ್ ಹಚ್ಚಲಿ. ಗಾಢ ಬಣ್ಣಕ್ಕೆ ಅದು ಕೊಡುವ ಆಳವಾದ ಮೆರುಗು ನಿಜಕ್ಕೂ ಚಂದ. ಎರಡೂ ಬೇಕೆಂದರೆ ಮೊದಲು ಸೀಲೆಂಟ್, ಅದರ ಮೇಲೆ ವ್ಯಾಕ್ಸ್. ಮೇಣದ ಮೇಲೆ ಸೀಲೆಂಟ್ ಕಚ್ಚಿಕೊಳ್ಳುವುದಿಲ್ಲ.

ದಪ್ಪ ಹಚ್ಚಿದರೆ ಹೆಚ್ಚು ದಿನ ಬರುತ್ತದೆಯೇ? ಇಲ್ಲ. ಹೆಚ್ಚಾದದ್ದೆಲ್ಲ ಒರೆಸುವ ಬಟ್ಟೆಗೆ ಹೋಗುತ್ತದೆ.

ಹಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿ. ಕಾರು ತೊಳೆದು ಒರೆಸಿ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಬೆರಳಾಡಿಸಿ. ಬರಿಗೈಗೆ ನುಣುಪಾಗಿದ್ದ ಜಾಗ ಈಗ ತರಿತರಿಯಾಗಿ ತಾಕಬಹುದು. ಅದು ಬ್ರೇಕ್‌ನಿಂದ ಹಾರಿದ ಕಬ್ಬಿಣದ ಕಣ, ಟಾರಿನ ಚುಕ್ಕೆ, ಮರದ ಅಂಟು. ಸೋಪುನೀರಿಗೆ ಜಗ್ಗದ ಇವನ್ನು ಎತ್ತಲೆಂದೇ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮುದ್ದೆ ಸಿಗುತ್ತದೆ. ಜಾರುವ ದ್ರವ ಸಿಂಪಡಿಸಿ, ಒತ್ತದೆ ಉಜ್ಜಬೇಕು. ಕೆಳಗೆ ಬಿದ್ದ ಮುದ್ದೆಯನ್ನು ಮತ್ತೆ ಬಳಸಬಾರದು. ಈ ಕೆಲಸ ಬಿಟ್ಟು ಹಚ್ಚಿದರೆ ಎಷ್ಟು ದುಬಾರಿ ಡಬ್ಬಿಯೂ ಕೊಳೆಯ ಮೇಲೇ ಕೂರುತ್ತದೆ.

ಕಾರು ಕೊಳ್ಳುವಾಗ ‘ಟೆಫ್ಲಾನ್ ಕೋಟಿಂಗ್ ಮಾಡಿಸಿ’ ಎಂಬ ಮಾತು ಕೇಳಿರುತ್ತೀರಿ. ಬಾಣಲೆಯ ಟೆಫ್ಲಾನ್ ಕರಗುವುದೇ 327 ಡಿಗ್ರಿಗೆ. ಲೋಹಕ್ಕೆ ಅದನ್ನು ಕೂರಿಸಲು ಇನ್ನೂ ಹೆಚ್ಚು ಕಾಯಿಸಬೇಕು. ಕಾರಿನ ಬಣ್ಣ ಆ ಶಾಖಕ್ಕೆ ಉಳಿಯುವುದಿಲ್ಲ. ಹಾಗಾಗಿ ಬಟ್ಟೆಯಲ್ಲಿ ಒರೆಸಿದ ದ್ರವ ಬಾಣಲೆಯ ಪದರದಂತಾಗುವ ಮಾತೇ ಇಲ್ಲ.

ಸೆರಾಮಿಕ್ ಕೋಟಿಂಗ್‌ನ ಜಾಹೀರಾತಿನಲ್ಲಿ ಕಾಣುವ ‘9ಎಚ್’ ಪೆನ್ಸಿಲ್ ಪರೀಕ್ಷೆಯ ಅಳತೆ. 9ಎಚ್ ಪೆನ್ಸಿಲ್ ಒತ್ತಿ ಎಳೆದರೆ ಗೀರು ಬೀಳದು ಎಂದಷ್ಟೇ ಅದರ ಅರ್ಥ. ವಜ್ರಕ್ಕೆ 10 ಕೊಡುವ ಮೋಸ್ ಮಾಪಕಕ್ಕೂ ಇದಕ್ಕೂ ಸಂಬಂಧವಿಲ್ಲ.

ನೀರು ಮುತ್ತುಮುತ್ತಾಗಿ ನಿಲ್ಲುವುದು ನೋಡಲು ಸೊಗಸು. ಆದರೆ ಆ ನೀರು ಬೋರ್‌ವೆಲ್‌ನದ್ದಾಗಿದ್ದು ಬಿಸಿಲಲ್ಲೇ ಆರಿದರೆ, ಪ್ರತಿ ಹನಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣದ ಬಿಳಿ ಉಂಗುರ ಬಿಟ್ಟುಹೋಗುತ್ತದೆ. ನೆರಳಲ್ಲಿ ತೊಳೆದು ತಕ್ಷಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ.

ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ವ್ಯಾಕ್ಸ್ ಇದ್ದರೆ ಒರೆಸಲು ಸ್ವಲ್ಪ ಸಮಯ ಸಿಗುತ್ತದೆ, ಅಷ್ಟೇ. ಒಣ ಹಿಕ್ಕೆಯನ್ನು ಕೆರೆಯದೆ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ತೆಗೆಯಿರಿ.

ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಕಾರು ತೊಳೆಯುತ್ತೀರಾ? ಜಿಡ್ಡು ಬಿಡಿಸುವುದೇ ಅದರ ಕಸುಬು. ನೀವು ಹಚ್ಚಿದ ಮೇಣವನ್ನೂ ಎಬ್ಬಿಸುತ್ತದೆ. ಕಾರ್ ಶಾಂಪೂ ಬಳಸಿ.

ಆಯುಧಪೂಜೆಯ ಮರುದಿನ ಬಾನೆಟ್ ಮೇಲಿನ ವಿಭೂತಿ, ಅರಿಶಿನವನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಧಾರಾಳವಾಗಿ ನೀರು ಹಾಕಿ. ಹಬ್ಬಕ್ಕೆ ಒಂದು ವಾರ ಮುಂಚೆ ಸೀಲೆಂಟ್ ಹಚ್ಚಿಟ್ಟರೆ ಅರಿಶಿನದ ಕಲೆ ಅಷ್ಟು ಸುಲಭವಾಗಿ ಕೂರುವುದಿಲ್ಲ.

ಹೊಸದಾಗಿ ಪೇಂಟ್ ಮಾಡಿಸಿದ ಬಾಗಿಲಿಗೋ ಬಂಪರ್‌ಗೋ ಕೂಡಲೇ ವ್ಯಾಕ್ಸ್ ಬೇಡ. ಒಳಗಿನ ದ್ರಾವಕ ಆರಿಹೋಗಬೇಕು. ಒಂದರಿಂದ ಮೂರು ತಿಂಗಳು ಕಾಯಿರೆಂದು ಪೇಂಟರ್‌ಗಳು ಹೇಳುವುದು ಅದಕ್ಕೇ.

ಮ್ಯಾಟ್ ಬಣ್ಣದ ಕಾರಿಗಂತೂ ಮಾಮೂಲಿ ವ್ಯಾಕ್ಸ್ ಸೋಕಿಸಲೇಬಾರದು. ಅಲ್ಲಲ್ಲಿ ಮಿರುಗುವ ತೇಪೆಗಳೇಳುತ್ತವೆ. ಅದಕ್ಕೆಂದೇ ಮಾಡಿದ ಸೀಲೆಂಟ್ ಬೇರೆ ಸಿಗುತ್ತದೆ.