ಕುಂಚವೂ ಮೈಕ್ರೋಸ್ಕೋಪೂ ಜೊತೆಯಾದಾಗ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೂಡಲೇ ನಮ್ಮೆಲ್ಲರಿಗೂ ಎದುರಾಗುವ ಮೊದಲ ಪ್ರಶ್ನೆ: "ಸೈನ್ಸಾ, ಕಾಮರ್ಸಾ, ಆರ್ಟ್ಸಾ?" ಒಂದನ್ನು ಆರಿಸಿಕೊಂಡ ಮೇಲೆ ಉಳಿದವು ನಮ್ಮದಲ್ಲ ಎಂದೇ ನಾವು ತಿಳಿಯುತ್ತೇವೆ. ಚಿತ್ರ ಬರೆಯುವ ಹುಡುಗಿ ಸೈನ್ಸ್‌ಗೆ ಸೇರಿದರೆ ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ಆದರೆ ಕಾಡನ್ನು, ಅದರಲ್ಲೂ ಅಣಬೆಯನ್ನು ಅರಿಯಲು ಹೊರಟವರಿಗೆ ಕಲೆ ಮತ್ತು ವಿಜ್ಞಾನ ಎರಡೂ ಬೇಕಾದವು.

ಮೊದಲು ಅಣಬೆ ಎಂದರೇನು ಎಂದು ನೋಡೋಣ. ಮಳೆ ಬಿದ್ದಾಗ ನೆಲದಿಂದ ಮೇಲೇಳುವ ಕೊಡೆ ಒಂದು ಶಿಲೀಂಧ್ರದ ಫಲಭಾಗ ಮಾತ್ರ. ಮಾವಿನ ಹಣ್ಣನ್ನು ಕಂಡು ಅದೇ ಇಡೀ ಮರ ಎಂದರೆ ಹೇಗೋ ಹಾಗೆ. ಅದರ ನಿಜವಾದ ದೇಹ ಮಣ್ಣಿನೊಳಗೆ ಅಥವಾ ಕೊಳೆತ ಮರದೊಳಗೆ ಹಬ್ಬಿರುವ ನವಿರಾದ ಎಳೆಗಳ ಜಾಲ. ಇದಕ್ಕೆ ಮೈಸೀಲಿಯಂ ಎನ್ನುತ್ತಾರೆ. ಹಲವು ಶಿಲೀಂಧ್ರಗಳ ಎಳೆಗಳು ಸಸ್ಯದ ಬೇರಿನೊಂದಿಗೆ ಕೂಡಿಕೊಂಡು ನೀರು ಮತ್ತು ರಂಜಕವನ್ನು ಒದಗಿಸುತ್ತವೆ; ಪ್ರತಿಯಾಗಿ ಸಸ್ಯ ತಾನು ತಯಾರಿಸಿದ ಆಹಾರದಲ್ಲಿ ಪಾಲು ಕೊಡುತ್ತದೆ. ಈ ಸಹಬಾಳ್ವೆಗೆ ಮೈಕೊರೈಜಾ ಎಂದು ಹೆಸರು. ನೆಲದ ಮೇಲಿನ ಸಸ್ಯ ಪ್ರಭೇದಗಳಲ್ಲಿ ಶೇ. 80ಕ್ಕೂ ಹೆಚ್ಚು ಹೀಗೆ ಬದುಕುತ್ತವೆ. ಅಂದರೆ ಕಾಡಿನ ಬಹುಪಾಲು ವ್ಯವಹಾರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಾಣದ್ದನ್ನು ಕಾಣುವಂತೆ ಮಾಡಲು ಕಲಾವಿದರು ಬೇಕಾದದ್ದು ಇಲ್ಲಿಯೇ.

ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ (1866–1943) ಮಕ್ಕಳ ಕಥೆಗಾರ್ತಿಯಾಗಿ, 'ಪೀಟರ್ ರ್‍ಯಾಬಿಟ್' ಎಂಬ ಮೊಲದ ಸೃಷ್ಟಿಕರ್ತೆಯಾಗಿ ಪ್ರಸಿದ್ಧರು. ಅದಕ್ಕೂ ಮೊದಲು ಅವರು ನೂರಾರು ಅಣಬೆಗಳ ಚಿತ್ರ ಬರೆದಿದ್ದರು. ಶಾಲೆಗೆ ಹೋಗದೆ ಮನೆಯಲ್ಲೇ ಕಲಿತ ಅವರಿಗೆ ಗುರುವಾಗಿ ಸಿಕ್ಕವರು ಸ್ಕಾಟ್ಲೆಂಡಿನ ಚಾರ್ಲ್ಸ್ ಮೆಕಿಂಟೋಷ್. ವೃತ್ತಿಯಲ್ಲಿ ಅಂಚೆಯಣ್ಣ, ದಿನವೂ ಮೈಲುಗಟ್ಟಲೆ ನಡೆದು ಪತ್ರ ಹಂಚುತ್ತಾ ದಾರಿಯ ಸಸ್ಯ, ಅಣಬೆಗಳನ್ನು ಗುರುತಿಸಲು ಕಲಿತವರು. ಅವರು ಅಂಚೆಯಲ್ಲಿ ಅಣಬೆ ಕಳಿಸುತ್ತಿದ್ದರು, ಈಕೆ ಚಿತ್ರ ಬರೆದು ಕಳಿಸುತ್ತಿದ್ದರು. "ಅಂದವಾಗಿದ್ದರೆ ಸಾಲದು, ಕೊಡೆಯ ಅಡಿಯ ಪದರಗಳನ್ನೂ ಸೀಳಿದ ಒಳಭಾಗವನ್ನೂ ತೋರಿಸಬೇಕು" ಎಂಬುದು ಅವರ ಸಲಹೆಯ ಸಾರ. ಆಗ ಚಿತ್ರಗಳು ದಾಖಲೆಗಳಾದವು.

ಪಾಟರ್ ಅಲ್ಲಿಗೇ ನಿಲ್ಲಲಿಲ್ಲ. ಬೀಜಾಣುಗಳನ್ನು ಮನೆಯಲ್ಲೇ ಮೊಳೆಯಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿ ಪ್ರಬಂಧ ಬರೆದರು. 1897ರಲ್ಲಿ ಅದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂತು. ಸಭೆಗೆ ಮಹಿಳೆಯರಿಗೆ ಪ್ರವೇಶವಿರಲಿಲ್ಲವಾದ್ದರಿಂದ ಅದನ್ನು ಒಪ್ಪಿಸಿದವರು ಜಾರ್ಜ್ ಮ್ಯಾಸೀ ಎಂಬ ವಿಜ್ಞಾನಿ. ಪ್ರಬಂಧ ಅಚ್ಚಾಗಲಿಲ್ಲ, ಅದರ ಪ್ರತಿಯೂ ಇಂದು ಉಳಿದಿಲ್ಲ. ಚಿತ್ರಗಳು ಮಾತ್ರ ಉಳಿದವು. 1967ರಲ್ಲಿ ಅಣಬೆಗಳ ಕುರಿತ ಒಂದು ಪುಸ್ತಕ ಅವುಗಳನ್ನು ಬಳಸಿಕೊಂಡಿತು. ನೂರು ವರ್ಷಗಳ ನಂತರ, 1997ರಲ್ಲಿ, ಆಕೆಯನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲವೆಂದು ಸೊಸೈಟಿ ಒಪ್ಪಿಕೊಂಡಿತು.

ಅಂದು ಅಂಚೆಯಲ್ಲಿ ನಡೆದ ಇಂಥ ಜೊತೆಗಾರಿಕೆ ಇಂದು ಕಾಡಿನೊಳಗೇ ನಡೆಯುತ್ತಿದೆ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಲಾಸ್ ಸೆಡ್ರೋಸ್ ಸದಾ ಮೋಡ ಮುಸುಕಿದ ಕಾಡು. ಅಲ್ಲಿ ಗಣಿಗಾರಿಕೆಗೆ ಅನುಮತಿ ಕೊಡಲಾಗಿತ್ತು. ಪ್ರಕೃತಿಗೂ ಹಕ್ಕುಗಳಿವೆ ಎಂದು ಆ ದೇಶದ 2008ರ ಸಂವಿಧಾನ ಹೇಳುತ್ತದೆ. ಅದನ್ನೇ ಆಧರಿಸಿ 2021ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಕಾಡಿನ ಪರ ತೀರ್ಪು ನೀಡಿತು. ಮರುವರ್ಷ ನಾಲ್ವರು ಆ ಕಾಡಿಗೆ ಹೋದರು: ಚಿಲಿ ದೇಶದ ಶಿಲೀಂಧ್ರ ತಜ್ಞೆ ಜೂಲಿಯಾನಾ ಫುರ್ಚಿ, ಸಂಗೀತಗಾರ ಕಾಸ್ಮೋ ಶೆಲ್ಡ್ರೇಕ್, ಲೇಖಕ ರಾಬರ್ಟ್ ಮ್ಯಾಕ್‌ಫಾರ್ಲೇನ್ ಮತ್ತು ಕಾನೂನು ತಜ್ಞ ಸೆಸಾರ್ ರೊಡ್ರಿಗಸ್-ಗರಾವಿಟೊ. ಫುರ್ಚಿ ನೆಲದ ಮೇಲೆ ಅಣಬೆ ಹುಡುಕಿದರೆ, ಶೆಲ್ಡ್ರೇಕ್ ಕಾಡಿನ ದನಿಗಳನ್ನು ಮುದ್ರಿಸಿಕೊಂಡರು. ಬಾವಲಿ, ಕೋತಿ, ಎಲೆಗಳ ಸದ್ದು ಸೇರಿ ಒಂದು ಹಾಡಾಯಿತು. ಕಾಡನ್ನೂ ಈ ಹಾಡಿನ ಸಹಕರ್ತೃ ಎಂದು ದಾಖಲಿಸಿ ಎಂದು 2024ರಲ್ಲಿ ಈಕ್ವೆಡಾರಿನ ಕೃತಿಸ್ವಾಮ್ಯ ಕಚೇರಿಗೆ ಅರ್ಜಿ ಹೋಯಿತು.

ಅಣಬೆಯ ಪಟ್ಟಿ ಕಾಡಿನಲ್ಲಿ ಏನಿದೆ ಎಂದು ತಿಳಿಸುತ್ತದೆ. ಹಾಡು ಅದು ಹೋದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂದು ಮನಸ್ಸಿಗೆ ಮುಟ್ಟಿಸುತ್ತದೆ. ಆದರೆ ಒಂದು ಎಚ್ಚರ ಬೇಕು: ಕಲೆ ಸತ್ಯವನ್ನು ಬಿಟ್ಟು ಬರೀ ಅಂದದ ಹಿಂದೆ ಹೋಗಬಾರದು. ಮೆಕಿಂಟೋಷ್ ಕಲಿಸಿದ್ದೂ ಅದನ್ನೇ.

ಈ ಮಳೆಗಾಲದಲ್ಲಿ ಕಾಲೇಜಿನ ಅಂಗಳದಲ್ಲಿ ಅಣಬೆ ಎದ್ದರೆ ಆರ್ಟ್ಸ್ ವಿಭಾಗದ ಒಬ್ಬರು, ಸೈನ್ಸ್ ವಿಭಾಗದ ಒಬ್ಬರು ಜೊತೆಯಾಗಿ ಕುಳಿತು ನೋಡಿ. ಒಬ್ಬರು ಬರೆಯಲಿ, ಒಬ್ಬರು ಅಳೆಯಲಿ. ಗುರುತು ಗೊತ್ತಿಲ್ಲದ ಅಣಬೆಯನ್ನು ತಿನ್ನುವ ಸಾಹಸ ಮಾತ್ರ ಬೇಡ. ಹಾಗೆಯೇ, ಅಟ್ಟ ಸೇರಿದ ಆ ಬಣ್ಣದ ಪೆಟ್ಟಿಗೆಯನ್ನೂ ಒಮ್ಮೆ ಕೆಳಗಿಳಿಸಿ.