ಹಸಿರು ಕಟ್ಟಡಕ್ಕೆ ನಿಯಮ: ಅಧಿಕಾರ ಪಾಲಿಕೆಯದೋ, ಸರ್ಕಾರದ್ದೋ?

ಬೆಂಗಳೂರು: ನಗರದಲ್ಲಿ 30x40 ನಿವೇಶನದಲ್ಲಿ ಮನೆ ಕಟ್ಟಲು ಹೊರಟವರಿಗೆ ಎರಡು ‘ಹಸಿರು’ ಷರತ್ತುಗಳು ತಪ್ಪದೆ ಎದುರಾಗುತ್ತವೆ. ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರ್ ಇರಬೇಕು, ತಾರಸಿಗೆ ಬಿದ್ದ ಮಳೆ ನೀರು ತೊಟ್ಟಿಗೋ ಇಂಗುಗುಂಡಿಗೋ ಇಳಿಯಬೇಕು. ಮೊದಲನೆಯದನ್ನು ಕೇಳುವುದು ವಿದ್ಯುತ್ ಕಂಪನಿ, ಎರಡನೆಯದನ್ನು ಕೇಳುವುದು ಜಲಮಂಡಳಿ. ಕಟ್ಟಡದ ನಕ್ಷೆಗೆ ಮಂಜೂರಾತಿ ನೀಡುವುದು ಮಾತ್ರ ನಗರ ಪಾಲಿಕೆ. ಕುತೂಹಲದ ಸಂಗತಿಯೆಂದರೆ, ಜನರಿಗೆ ಇಂದು ಚೆನ್ನಾಗಿ ಪರಿಚಿತವಾಗಿರುವ ಈ ಎರಡು ಷರತ್ತುಗಳ ಹಿಂದಿನ ಬಲ ಚುನಾಯಿತ ಪಾಲಿಕೆಯ ನಿರ್ಣಯದಿಂದ ಬಂದದ್ದಲ್ಲ. ಒಂದು ಇಂಧನ ಇಲಾಖೆಯ ಆದೇಶ, ಇನ್ನೊಂದು ವಿಧಾನಮಂಡಲದ ಕಾಯ್ದೆ.

ಹಾಗಾದರೆ ಒಂದು ಊರಿನ ಕಟ್ಟಡಗಳು ಎಷ್ಟು ನೀರು ಉಳಿಸಬೇಕು, ಎಷ್ಟು ವಿದ್ಯುತ್ ಬಳಸಬೇಕು ಎಂದು ತೀರ್ಮಾನಿಸುವ ಹಕ್ಕು ಆ ಊರಿನ ಸ್ಥಳೀಯ ಸಂಸ್ಥೆಗೆ ಇದೆಯೇ?

ಸಂವಿಧಾನ ಹೇಳುವುದೇನು?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು 12ನೇ ಅನುಸೂಚಿಯನ್ನು ಸೇರಿಸಿತು. ಅದರಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ 18 ವಿಷಯಗಳಿವೆ. ನಗರ ಯೋಜನೆ ಮೊದಲನೆಯದು, ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ ಎರಡನೆಯದು. ಪರಿಸರ ಸಂರಕ್ಷಣೆಯೂ ಪಟ್ಟಿಯಲ್ಲಿದೆ. ಇಷ್ಟನ್ನು ಓದಿದರೆ ಹಸಿರು ಕಟ್ಟಡದ ವಿಷಯ ಪೂರ್ಣವಾಗಿ ಪಾಲಿಕೆಗೆ ಸೇರಿದ್ದೆಂದೇ ಅನ್ನಿಸುತ್ತದೆ. ಆದರೆ ಪಟ್ಟಿಗೆ ದಾರಿ ತೋರುವ 243-ಡಬ್ಲ್ಯು ವಿಧಿಯ ಮಾತು ಬೇರೆ. ರಾಜ್ಯ ವಿಧಾನಮಂಡಲವು ಕಾನೂನಿನ ಮೂಲಕ ಈ ಅಧಿಕಾರಗಳನ್ನು ಸ್ಥಳೀಯ ಸಂಸ್ಥೆಗಳಿಗೆ ‘ನೀಡಬಹುದು’ ಎಂದಷ್ಟೇ ಅದು ಹೇಳುತ್ತದೆ, ನೀಡಲೇಬೇಕು ಎನ್ನುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿ ಅಕ್ಷರಶಃ ಅನ್ವಯವಾಗುತ್ತದೆ.

ಕರ್ನಾಟಕ ಪೌರನಿಗಮಗಳ ಕಾಯ್ದೆ 1976ರ ಅಡಿಯಲ್ಲಿ ಪಾಲಿಕೆಗಳು ಕಟ್ಟಡ ಉಪವಿಧಿಗಳನ್ನು ರಚಿಸಬಹುದು. ಆದರೆ ರಾಜ್ಯ ಸರ್ಕಾರದ ಮಂಜೂರಾತಿ ಸಿಗುವವರೆಗೆ ಅವುಗಳಿಗೆ ಬೆಲೆಯಿಲ್ಲ. ಎಲ್ಲಿ ಏನನ್ನು, ಎಷ್ಟು ಎತ್ತರಕ್ಕೆ ಕಟ್ಟಬಹುದು ಎಂಬ ವಲಯ ನಿಯಮಾವಳಿಗೆ ಇನ್ನೊಂದು ಕಾಯ್ದೆಯಿದೆ. ಅದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರಂತೆ ಬೆಂಗಳೂರಿನ ‘ಮಹಾ ಯೋಜನೆ–2015’ ರೂಪಿಸಿದ್ದು ಪಾಲಿಕೆಯಲ್ಲ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. 2007ರಲ್ಲಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದ್ದು ರಾಜ್ಯ ಸರ್ಕಾರ. ಹೀಗಾಗಿ ಚುನಾಯಿತ ಕೌನ್ಸಿಲ್ ಎಷ್ಟೇ ಉತ್ಸಾಹ ತೋರಿದರೂ ಅದರ ಕಡತ ವಿಧಾನಸೌಧದ ಮೆಟ್ಟಿಲು ಹತ್ತಲೇಬೇಕು.

ಜಲಮಂಡಳಿಯ ದಾರಿ

ಮಳೆ ನೀರು ಕೊಯ್ಲಿನ ಕಥೆ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಉತ್ತಮ ನಿದರ್ಶನ. ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ. ಅದೇ ಹೊತ್ತಿಗೆ ನಗರದ ಮೇಲೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸಿನ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 97 ಸಾವಿರ ಲೀಟರ್ ಬಂತು. ಸೋರಿಕೆ, ಆವಿಯಲ್ಲಿ ಐದನೇ ಒಂದು ಭಾಗ ಹೋಯಿತೆಂದರೂ 77 ಸಾವಿರ ಲೀಟರಿಗೆ ಮೋಸವಿಲ್ಲ.

2003ರ ಕಟ್ಟಡ ಉಪವಿಧಿಗಳಲ್ಲೇ ಮಳೆ ನೀರು ಸಂಗ್ರಹದ ಪ್ರಸ್ತಾಪವಿತ್ತು. ಅದು ಕಾಗದದಿಂದ ತಾರಸಿಗೆ ಏರಲು ಬಲ ಸಿಕ್ಕಿದ್ದು ಮಾತ್ರ 2009ರಲ್ಲಿ. ಆ ವರ್ಷ ವಿಧಾನಮಂಡಲವು 1964ರ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆಗೆ 72-ಎ ಪ್ರಕರಣವನ್ನು ಸೇರಿಸಿತು. 2,400 ಚದರ ಅಡಿ ಮತ್ತು ಅದಕ್ಕೂ ಹೆಚ್ಚಿನ ನಿವೇಶನದ ಹಳೆಯ ಕಟ್ಟಡಗಳು, 1,200 ಚದರ ಅಡಿ ಮತ್ತು ಅದಕ್ಕೂ ಹೆಚ್ಚಿನ ನಿವೇಶನದಲ್ಲಿ ಏಳುವ ಹೊಸ ಕಟ್ಟಡಗಳು ಇದರ ವ್ಯಾಪ್ತಿಗೆ ಬಂದವು. ಮುಂದೆ ತಪ್ಪಿದವರ ನೀರಿನ ಬಿಲ್ಲಿಗೇ ದಂಡ ಸೇರತೊಡಗಿತು. ಮನೆಗಳಿಗೆ ಮೊದಲ ಮೂರು ತಿಂಗಳು ಬಿಲ್ಲಿನ ಶೇ 25, ಆನಂತರ ಶೇ 50 ಎಂಬುದು ಆರಂಭದ ಲೆಕ್ಕ.

ಉಪವಿಧಿ ಸೋತಲ್ಲಿ ಕಾಯ್ದೆ ಗೆದ್ದದ್ದು ಏಕೆ? ಜಲಮಂಡಳಿಯ ಕೈಯಲ್ಲಿ ಸಂಪರ್ಕವೂ ಇತ್ತು, ಬಿಲ್ಲೂ ಇತ್ತು. ನಕ್ಷೆ ಮಂಜೂರು ಮಾಡಿದ ಎಂಜಿನಿಯರ್ ಮತ್ತೆ ಆ ಬೀದಿಗೆ ಹೋಗದಿರಬಹುದು. ಮೀಟರ್ ಓದುವವರು ತಿಂಗಳಿಗೊಮ್ಮೆ ಹೋಗಲೇಬೇಕು. ಹಾಗೆಂದು ಇದನ್ನು ಪೂರ್ಣ ಯಶಸ್ಸು ಎನ್ನುವಂತಿಲ್ಲ. ಪೈಪು, ತೊಟ್ಟಿಯ ಗೊಡವೆಯೇ ಬೇಡವೆಂದು ದಂಡವನ್ನೇ ಕಟ್ಟಿಕೊಂಡು ಬಂದ ಮನೆಗಳು ಸಾವಿರಾರು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಟ್ಯಾಂಕರ್ ದರ ಗಗನಕ್ಕೇರಿದಾಗ ಆ ದಂಡದ ಹಣದಿಂದ ಒಂದು ಕೊಡ ನೀರೂ ಹುಟ್ಟಲಿಲ್ಲ. ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸಬೇಕು, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆ ವರ್ಷದ ಮಾರ್ಚಿನಲ್ಲಿ ಆದೇಶಿಸಿದ್ದೂ ಜಲಮಂಡಳಿಯೇ. ಪಾಲಿಕೆಯ ಕೌನ್ಸಿಲ್ ಆಗ ಇರಲೇ ಇಲ್ಲ. ಅದರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದು ಆಡಳಿತಾಧಿಕಾರಿಯ ಕಾರುಬಾರು ನಡೆದಿತ್ತು.

72-ಎ ಪ್ರಕರಣ ಜಲಮಂಡಳಿಯ ವ್ಯಾಪ್ತಿಗೆ ಮಾತ್ರ ಸೀಮಿತ. ಮೈಸೂರಿಗಾಗಲೀ ಹುಬ್ಬಳ್ಳಿ–ಧಾರವಾಡಕ್ಕಾಗಲೀ ಅದು ಅನ್ವಯಿಸದು. ಸೋಲಾರ್ ಹೀಟರಿನ ವಿಷಯ ಹಾಗಲ್ಲ. 2007ರ ನವೆಂಬರಿನ ಸರ್ಕಾರಿ ಆದೇಶ ರಾಜ್ಯದ ನಗರ ಪ್ರದೇಶಗಳಲ್ಲಿ 1,200 ಚದರ ಅಡಿ ಅಥವಾ ಹೆಚ್ಚಿನ ನಿವೇಶನದಲ್ಲಿ 600 ಚದರ ಅಡಿಗಿಂತ ಕಡಿಮೆಯಿಲ್ಲದಂತೆ ಕಟ್ಟುವ ಮನೆಗಳಿಗೆಲ್ಲ ಅದನ್ನು ಕಡ್ಡಾಯಗೊಳಿಸಿತು. ಹೀಟರ್ ಇಲ್ಲದಿದ್ದರೆ ವಿದ್ಯುತ್ ಸಂಪರ್ಕವಿಲ್ಲ ಎಂಬ ಒಂದೇ ಮಾತು ಸಾವಿರ ಜಾಹೀರಾತುಗಳ ಕೆಲಸ ಮಾಡಿತು. ಜೊತೆಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿಯ ಬೆಲ್ಲವನ್ನೂ ತೋರಿಸಲಾಗಿತ್ತು.

ಇಂಧನ ಸಂಹಿತೆಯ ಕೀಲಿಕೈ

ದೊಡ್ಡ ಕಟ್ಟಡಗಳ ವಿದ್ಯುತ್ ಬಳಕೆಯ ವಿಷಯದಲ್ಲಿ ಅಧಿಕಾರ ಇನ್ನೂ ಮೇಲಕ್ಕೆ ಹೋಗುತ್ತದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಕಟ್ಟಡ ಸಂಹಿತೆ ರೂಪಿಸುವುದು ಕೇಂದ್ರ ಸರ್ಕಾರ. ಮೊದಲ ಸಂಹಿತೆ 2007ರಲ್ಲಿ, ಪರಿಷ್ಕೃತ ಸಂಹಿತೆ 2017ರಲ್ಲಿ ಬಂತು. 100 ಕಿಲೋವಾಟ್ ಅಥವಾ ಹೆಚ್ಚಿನ ವಿದ್ಯುತ್ ಹೊರೆಯ ವಾಣಿಜ್ಯ ಕಟ್ಟಡಗಳೇ ಅದರ ಗುರಿ. ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಅದನ್ನು ತಿದ್ದುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕಲಬುರಗಿಯ ಬಿಸಿಲಿಗೂ ಮಂಗಳೂರಿನ ಸೆಕೆಗೂ ಒಂದೇ ಗೋಡೆ, ಒಂದೇ ಕಿಟಕಿ ಹೊಂದದು ಎಂಬುದು ಯಾವ ಗಾರೆ ಕೆಲಸದವರಿಗೂ ಗೊತ್ತಿರುವ ವಿಷಯ. ಆದರೂ ಆ ತಿದ್ದುಪಡಿಯ ಅಧಿಕಾರ ಕಲಬುರಗಿ ಅಥವಾ ಮಂಗಳೂರಿನ ಪಾಲಿಕೆಗಿಲ್ಲ. 2023ರ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಸಂಹಿತೆಯನ್ನು ವಸತಿ ಕಟ್ಟಡಗಳಿಗೂ ವಿಸ್ತರಿಸಲು ದಾರಿ ಮಾಡಿದೆ. ಹೊರೆಯ ಮಿತಿಯನ್ನು ತಗ್ಗಿಸುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿದೆ.

ಸ್ಥಳೀಯ ಸಂಸ್ಥೆಗಳಿಗೆ ಒಮ್ಮೆ ದೊಡ್ಡ ಪಾಲು ಸಿಗುವುದರಲ್ಲಿತ್ತು. 20 ಸಾವಿರ ಚದರ ಮೀಟರಿಗಿಂತ ದೊಡ್ಡ ನಿರ್ಮಾಣಗಳಿಗೆ ಪರಿಸರ ಅನುಮತಿ ಬೇಕೆಂಬುದು 2006ರ ನಿಯಮ. 2016ರ ಡಿಸೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು, ಪರಿಸರ ಷರತ್ತುಗಳನ್ನು ಕಟ್ಟಡ ಉಪವಿಧಿಗಳಲ್ಲೇ ಸೇರಿಸಿದರೆ ಒಂದೂವರೆ ಲಕ್ಷ ಚದರ ಮೀಟರ್‌ವರೆಗಿನ ಕಟ್ಟಡಗಳಿಗೆ ಪ್ರತ್ಯೇಕ ಅನುಮತಿ ಬೇಡ, ಸ್ಥಳೀಯ ಸಂಸ್ಥೆಯ ಪರಿಸರ ಘಟಕವೇ ನೋಡಿಕೊಳ್ಳಲಿ ಎಂದಿತು. ಒಂದು ವರ್ಷದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದಕ್ಕೆ ತಡೆಗೋಡೆ ಹಾಕಿತು. ಪರಿಸರದ ಪರಿಣಾಮ ಅಳೆಯುವ ಪರಿಣತಿ ಸ್ಥಳೀಯ ಸಂಸ್ಥೆಗಳಲ್ಲಿಲ್ಲ ಎಂಬುದು ಅದರ ಪ್ರಮುಖ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಧಿಕಾರವನ್ನೇ ಕೊಡದೆ ಪರಿಣತಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೂ ಅಷ್ಟೇ ಹುರುಳಿದೆ.

ಹೊರಗಿನ ಎರಡು ಊರುಗಳು

ಸ್ಪೇನ್‌ನ ಬಾರ್ಸಿಲೋನಾ ನಗರ 2000ದಲ್ಲಿ ತನ್ನದೇ ಸೋಲಾರ್ ನಿಯಮ ಜಾರಿಗೆ ತಂದಿತು. ನಿಯಮದ ವ್ಯಾಪ್ತಿಗೆ ಬರುವ ಕಟ್ಟಡಗಳು ಬಿಸಿನೀರಿನ ಶೇ 60ರಷ್ಟನ್ನು ಸೂರ್ಯನ ಶಾಖದಿಂದಲೇ ಪಡೆಯಬೇಕಿತ್ತು. ಇತರ ನಗರಗಳು ಅದನ್ನು ಅನುಸರಿಸಿದವು. 2006ರಲ್ಲಿ ದೇಶದ ಕಟ್ಟಡ ಸಂಹಿತೆಯೇ ಅಂಥ ನಿಯಮವನ್ನು ಅಳವಡಿಸಿಕೊಂಡಿತು. ಅಮೆರಿಕದ ಬರ್ಕ್ಲಿ ನಗರಕ್ಕೆ ಈ ಅದೃಷ್ಟ ಒಲಿಯಲಿಲ್ಲ. ಹೊಸ ಕಟ್ಟಡಗಳಿಗೆ ಅನಿಲದ ಕೊಳವೆ ಬೇಡವೆಂದು 2019ರಲ್ಲಿ ಅದು ನಿಯಮ ಮಾಡಿತು. ಕ್ಯಾಲಿಫೋರ್ನಿಯಾದ ಹೋಟೆಲುಗಾರರ ಸಂಘ ನ್ಯಾಯಾಲಯಕ್ಕೆ ಹೋಯಿತು. ಉಪಕರಣಗಳ ಇಂಧನ ಬಳಕೆ 1975ರ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ನಗರವು ಅದನ್ನು ದಾಟುವಂತಿಲ್ಲ ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ ನಗರವು ನಿಯಮ ಹಿಂತೆಗೆದುಕೊಳ್ಳಲು ಒಪ್ಪಿತು.

ಕಡ್ಡಾಯ ಮಾಡಲಾಗದ ಕಡೆ ಆಮಿಷ ಒಡ್ಡುವ ದಾರಿಯೂ ಇದೆ. ಪುಣೆಯ ಪಕ್ಕದ ಪಿಂಪ್ರಿ–ಚಿಂಚವಾಡ ಪಾಲಿಕೆ ‘ಗೃಹ’ ಶ್ರೇಯಾಂಕ ಪಡೆದ ಕಟ್ಟಡಗಳಿಗೆ ಶುಲ್ಕ ಮತ್ತು ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಆಸ್ತಿ ತೆರಿಗೆ ಪಾಲಿಕೆಗಳ ಸ್ವಂತ ಆದಾಯ. ಆದ್ದರಿಂದಲೇ ಈ ದಾರಿಯಲ್ಲಿ ಅಡೆತಡೆ ಕಡಿಮೆ; ಖಜಾನೆ ತುಂಬಿರಬೇಕು ಅಷ್ಟೆ.

ಬೆಂಗಳೂರಿನಲ್ಲಿ ಈಗ ಒಂದರ ಬದಲು ಐದು ಪಾಲಿಕೆಗಳಿವೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರಿನಲ್ಲಿ ಅವು ರಚನೆಯಾದವು. ಹಸಿರು ನಿಯಮ ಪಾಲನೆಯಾಗಿದೆಯೇ ಎಂದು ಪಾಲಿಕೆ ಪರೀಕ್ಷಿಸಬಹುದಾದ ಕೊನೆಯ ಘಟ್ಟ ಸ್ವಾಧೀನಾನುಭವ ಪತ್ರ, ಅಂದರೆ ಓಸಿ. ಅದಿಲ್ಲದೆ ನೀರು, ವಿದ್ಯುತ್ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಓಸಿ ಇಲ್ಲದ ಮನೆಗಳ ಮಾಲೀಕರು ಸಂಪರ್ಕ ಸಿಗದೆ ಪರದಾಡಿದರು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ಓಸಿಯಿಂದಲೇ ವಿನಾಯಿತಿ ನೀಡಿತು. ಹೀಗಾಗಿ 30x40 ನಿವೇಶನದ ಸಣ್ಣ ಮನೆಯ ತಾರಸಿಗೆ ಹತ್ತಿ ನೋಡುವ ಕೆಲಸ ಮತ್ತೆ ಜಲಮಂಡಳಿ ಮತ್ತು ವಿದ್ಯುತ್ ಕಂಪನಿಯ ಪಾಲಿಗೇ ಉಳಿದಿದೆ.